ಗೋಜರಾಬಾಯಿಯ ತಲೆಯ ಮೇಲಿನ ತುಳಸಿ

ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ದಿಂಡಿಯಲ್ಲಿ ಗೋಜರಾಬಾಯಿ ನಂಬುತ್ತಿದ್ದುದು ವಿಠ್ಠಲನನ್ನು ಮತ್ತು ತಾನು ಹೊತ್ತ ತುಳಸಿಯನ್ನು ಮಾತ್ರ. ಉಳಿದವರೆಲ್ಲ ಅವಳ ಕಣ್ಣಿಗೆ ಕಳ್ಳರೇ. ಮಲಗುವಾಗ ಚಪ್ಪಲಿಯನ್ನೂ ತಲೆಯಡಿ ಇಟ್ಟುಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷ ಈ ದಿಂಡಿಗೆ ರೊಟ್ಟಿ ಬಡಿದವಳು ನಾನು. ನನ್ನ ರೊಟ್ಟಿಯನ್ನೂ ಮೂಸಿ ನೋಡಿಯೇ ತಿನ್ನುವಳು. ಮೈ ಉರಿಯುತ್ತಿತ್ತು, ಆದರೂ ಬಿಸಿಯದನ್ನು ಅವಳಿಗೇ ಎತ್ತಿಡುತ್ತಿದ್ದೆ.

ಮೊದಲು ಹೊರುತ್ತಿದ್ದ ಅವಳ ಅತ್ತೆ ಸತ್ತ ವರ್ಷ ಆ ಹಿತ್ತಾಳೆಯ ತುಳಸಿಕಟ್ಟೆ ಅವಳ ತಲೆಗೇರಿತು. ಆಗ ಮೂವತ್ತು, ಈಗ ಅರವತ್ತೆಂಟು. ನಡುವೆ ಗಂಡ ಹೋದ, ಹೊಲ ಮೈದುನರ ಪಾಲಾಯಿತು. ಊರಲ್ಲಿ ಅವಳನ್ನು ಕೇಳುವವರಿರಲಿಲ್ಲ. ಆಷಾಢದ ಯಾತ್ರೆಯಲ್ಲಿ ಮಾತ್ರ, ಆಳಂದಿಯಿಂದ ಪಂಢರಪುರದವರೆಗೆ, ಜನ ದಾರಿ ಬಿಟ್ಟು ಕೈಮುಗಿಯುತ್ತಿದ್ದರು.

ಈ ಸಲ ದಿವೆ ಘಾಟಿನ ಏರಿನಲ್ಲಿ ಮುಗ್ಗರಿಸಿದಳು. ದಿಂಡಿಯ ಹಿರಿಯ ತಾತ್ಯಾ ಹೇಳಿಯೇ ಬಿಟ್ಟ: "ಮಾವುಲಿ, ತಾಯಿ, ಇನ್ನೊಮ್ಮೆ ಕಾಲು ತಪ್ಪಿದ್ರ ತುಳಸಿ ಬ್ಯಾರೇದವ್ರ ತಲೀಗೆ ಹೋಗತೈತಿ. ಶೇವಂತಾ ಗಟ್ಟಿ ಅದಾಳ."

ಶೇವಂತಾ ಹೊಸಬಳು, ಪಾತ್ರೆ ತಿಕ್ಕುವವಳು. ದಿನವೂ ಒಡೆದ ತೆಂಗಿನಕಾಯಿಗಳ ನಾರನ್ನು ನನ್ನಿಂದ ಕೇಳಿ ಒಯ್ಯುತ್ತಿದ್ದಳು. ಅಂದಿನಿಂದ ಗೋಜರಾಬಾಯಿಯ ಕಣ್ಣು ಅವಳ ಮೇಲೆಯೇ.

ಬೆಳಿಗ್ಗೆ ಹೊರಡುವ ಮುನ್ನ ನಾವೆಲ್ಲ ಒಬ್ಬರ ಕಾಲು ಒಬ್ಬರು ಮುಟ್ಟುತ್ತೇವೆ, ಅದರಲ್ಲಿ ಹಿರಿಯ ಕಿರಿಯ ಎಂಬುದಿಲ್ಲ. ತುಳಸಿ ತಲೆಯ ಮೇಲಿದ್ದವರು ಮಾತ್ರ ಬಗ್ಗುವಂತಿಲ್ಲ. ಗೋಜರಾಬಾಯಿ ಎಲ್ಲರ ಕಾಲು ಮುಟ್ಟಿ, ಶೇವಂತಾಳ ಸರದಿ ಬರುವಷ್ಟರಲ್ಲಿ ತುಳಸಿ ಎತ್ತಿಕೊಂಡುಬಿಡುತ್ತಿದ್ದಳು.

ಫಲಟಣದಲ್ಲಿ ನನ್ನ ಒಲೆಯ ಬಳಿ ಬಂದು ಪಿಸುಗುಟ್ಟಿದಳು: "ಕಟ್ಟಿ ಹಗುರಾಗೇತಿ."

"ವಿಠ್ಠಲನ ಕೃಪಾ ಅನ್ಕೋ."

"ಹುಚ್ಚೀ, ಮೂವತ್ತೆಂಟು ವರ್ಷ ಹೊತ್ತ ತಲೀಗೆ ತೂಕ ತಿಳೀದೇನು? ಯಾರೋ ಮಣ್ಣು ಕದೀತಾರ. ಗಿಡ ಒಣಗಲಿ ಅಂತ."

ಕಟ್ಟೆಯ ಒಳಬದಿಯಲ್ಲಿ ಮಣ್ಣಿನ ಮಟ್ಟಕ್ಕೆ ಕುಂಕುಮದ ಗೆರೆ ಎಳೆದಳು. ಮರುದಿನವೂ ಮಣ್ಣು ಗೆರೆಯಲ್ಲೇ ಇತ್ತು, ಭಾರ ಮಾತ್ರ ಇಳಿದಿತ್ತು. ಆಗ ನನಗೂ ಅನುಮಾನ ಹತ್ತಿತು. ಶೇವಂತಾ ನಾರು ಕೇಳಲು ಬಂದಾಗ ಮುಖ ತಿರುಗಿಸಿದೆ.

ವೇಳಾಪುರದಲ್ಲಿ ಬೆಳಗಿನ ಸ್ನಾನಕ್ಕೆ ಹೋದಂತೆ ಮಾಡಿ ನಾವಿಬ್ಬರೂ ಸಾಮಾನಿನ ಗಾಡಿಯ ಹಿಂದೆ ಅಡಗಿ ನಿಂತೆವು. ಶೇವಂತಾ ಬಂದಳು. ಕಟ್ಟೆಯ ಮಣ್ಣನ್ನು ಬೊಗಸೆಯಲ್ಲಿ ತೆಗೆದಳು. ಗೋಜರಾಬಾಯಿ ಹಾರಿ ಅವಳ ಮಣಿಕಟ್ಟು ಹಿಡಿದಳು.

"ಸಿಕ್ಕಿದ್ಯಲ್ಲ ಕಳ್ಳಿ! ನನ್ನ ತುಳಸಿ ಕೊಲ್ಲಾಕ ಬಂದೀಯೇನ?"

"ಆಯಿ, ಸಣ್ಣಗ ಮಾತಾಡ್ರಿ, ತಾತ್ಯಾಗ ಕೇಳತೈತಿ." ಶೇವಂತಾಳ ಸೆರಗಿನಿಂದ ಹೆರೆದ ತೆಂಗಿನ ನಾರು ಉದುರಿತು. "ಭಾರ ಇಳೀಲಿ ಅಂತ ಅಡಿಯಾಗ ಇದನ್ನ ತುಂಬಾಕತ್ತೀನಿ, ಮ್ಯಾಲ ಮಣ್ಣು. ಗಿಡಕ್ಕ ಏನೂ ಆಗೂದಿಲ್ಲ. ನಿಮ್ಮ ಕುತ್ತಿಗಿ ನಡಗೂದು ಹಿಂದಿನಿಂದ ಕಾಣತೈತಿ. ಇನ್ನೊಮ್ಮೆ ಬಿದ್ರ ಅವರು ನಿಮ್ಮ ಕಡಿಂದ ತುಳಸಿ ಕಸ್ಕೋತಾರ."

"ಏನದು ಗದ್ದಲ?" ತಾತ್ಯಾ ದೂರದಿಂದ ಕೂಗಿದ.

"ಏನಿಲ್ಲ, ನೀರು ಹಾಕಾಕತ್ತೇವಿ," ಎಂದಳು ಗೋಜರಾಬಾಯಿ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಹೊರಡುವ ಹೊತ್ತಾಯಿತು. ಗೋಜರಾಬಾಯಿ ತುಳಸಿ ಎತ್ತಿಕೊಂಡು ಶೇವಂತಾಳ ಎದುರು ನಿಂತಳು. ಬಗ್ಗುವಂತಿರಲಿಲ್ಲ. ಎತ್ತಿದ ತುಳಸಿಯನ್ನು ಮುಂದಿನ ಬಿಡಾರದವರೆಗೆ ನೆಲಕ್ಕಿಡುವ ರೂಢಿಯೂ ನಮ್ಮಲ್ಲಿಲ್ಲ. ಆಮೇಲೆ ಎರಡೂ ಕೈಯಿಂದ ಇಳಿಸಿ ಶೇವಂತಾಳ ತಲೆಯ ಮೇಲಿಟ್ಟಳು. ಬಗ್ಗಿ ಅವಳ ಪಾದ ಹಿಡಿದಳು. ತಾತ್ಯಾ ಬಾಯಿ ತೆರೆದು ನೋಡುತ್ತಿದ್ದ.

ಎದ್ದು ಮೂಗು ಒರೆಸಿಕೊಂಡು ಹೇಳಿದಳು: "ಆ ಬೇವಿನ ಗಿಡದ ತನಕ ಅಷ್ಟ. ನಾ ಬಾಜೂಕ ಇರ್ತೀನಿ, ನೋಡ್ಕೋತ."

ಬೇವಿನ ಮರ ಬಂತು. ಶೇವಂತಾ ನಿಂತು ತುಳಸಿ ಇಳಿಸಲು ಕೈ ಎತ್ತಿದಳು. ಗೋಜರಾಬಾಯಿ ಕತ್ತು ನೀವಿಕೊಳ್ಳುತ್ತ ದಾರಿಯ ಮುಂದಕ್ಕೆ ನೋಡಿದಳು.

"ಆ ಹುಣಸಿ ಗಿಡದ ತನಕ ನಡಿ," ಎಂದಳು.