ಮೂಗಿನೊಳಗಿನ ಬಸ್‌ಸ್ಟ್ಯಾಂಡು

ನೀವು ಖಂಡಿತ ನಂಬುವುದಿಲ್ಲ, ಆದರೂ ಹೇಳಿಬಿಡುತ್ತೇನೆ: ಒಂದು ತಿಂಗಳಿಂದ ನಾನು ದಿನಾ ಬಾಗಿಲು ಹಾಕಿಕೊಂಡು ಒಂದು ಕಂಬಳಿಯನ್ನು ಮೂಸುತ್ತಿದ್ದೇನೆ.

ನನ್ನ ಮೂಗೇನು ಸಾಮಾನ್ಯದ್ದಲ್ಲ. ಚಳ್ಳಕೆರೆಯ ಯಾವ ಎಣ್ಣೆ ಮಿಲ್ಲು ಇವತ್ತು ಶೇಂಗಾ ಅರೆಯುತ್ತಿದೆ ಎಂದು ಹಾಸಿಗೆಯಲ್ಲೇ ಮಲಗಿ ಹೇಳಬಲ್ಲೆ. ಪಕ್ಕದ ಮನೆಯ ಒಗ್ಗರಣೆಗೆ ಕರಿಬೇವು ಬಿದ್ದಿಲ್ಲವೆಂದು ಕೂಗಿ ಹೇಳಿದ ಮೇಲೆ ಅವರು ಆ ಕಡೆಯ ಕಿಟಕಿಯನ್ನೇ ತೆಗೆಯುತ್ತಿಲ್ಲ. ಇಂಥ ಮೂಗಿಗೆ ಅಜ್ಜನ ವಾಸನೆ ಮಾತ್ರ ಸಿಗುತ್ತಿಲ್ಲ.

ಅಜ್ಜ ಎಂದರೆ ಅವ್ವನ ಅಪ್ಪ, ಪರಶುರಾಂಪುರದ ಹತ್ತಿರ ಕುರಿ ಮೇಯಿಸುತ್ತಿದ್ದವನು. ಅವನು ತೀರಿಕೊಂಡಾಗ ನನಗೂ ತಂಗಿ ಪವಿಗೂ ಪರೀಕ್ಷೆ, ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಅವ್ವ ಅಲ್ಲಿಂದ ತಂದ ಸಾಮಾನಿನ ಜೊತೆ ಈ ಕಂಬಳಿ ಬಂತು. ಪವಿ ಅದಕ್ಕೆ ಮುಖ ಒತ್ತಿ, "ಅಜ್ಜ ಇಲ್ಲೇ ಕೂತಂಗೈತೆ ಕಣೋ! ಬೀಡಿ, ಹೊಗೆ, ಎಲ್ಲಾ ಬರ್ತೈತೆ" ಅಂದಳು. ನನಗೆ ಬಂದದ್ದು ಬರೀ ಕುರಿ. "ಹೂಂ, ಬರ್ತೈತೆ" ಅಂದೆ. ಮೂಗಿನ ಮರ್ಯಾದೆಯ ಪ್ರಶ್ನೆ.

ಗೆಳೆಯನಿಗಾಗಿ ಎಂದು ಬಯಾಲಜಿ ಮೇಷ್ಟ್ರನ್ನು ಕೇಳಿದೆ. ಮೂಗಿನಲ್ಲಿ ವಾಸನೆ ಹಿಡಿಯುವ ಪ್ರತಿ ಕೋಶವೂ ಬೆಳೆಯುವಾಗ ಬೇರೆ ಬೇರೆ ವಾಸನೆ ಸಿಕ್ಕಿಸುವ ನೂರಾರು ಬಗೆಯ ಕೊಂಡಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತದಂತೆ. ಯಾವುದನ್ನು ಎಂಬುದು ಬಹುಮಟ್ಟಿಗೆ ಅದೃಷ್ಟ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ನೋಡದೆ ಸಿಕ್ಕ ಬಸ್ಸು ಹತ್ತಿ, ಸಾಯುವ ತನಕ ಇಳಿಯದವನ ಹಾಗೆ. ನನ್ನ ಕೋಶಗಳೆಲ್ಲ ಮೊಳಕಾಲ್ಮೂರು ಅಂತ ಹೊರಟುಹೋಗಿವೆ. ಅಜ್ಜನೂರಿನ ಬಸ್ಸು ಖಾಲಿ.

"ಹಳೇವು ಸಾಯ್ತಾವೆ, ಹೊಸಾವು ಹುಟ್ಟಿ ಮತ್ತೆ ಆರಿಸ್ಕೊಳ್ತಾವೆ. ನಿನ್ನ ಗೆಳೆಯಂಗೆ ಕಾಯಾಕೆ ಹೇಳಪ್ಪ" ಎಂದರು ಮೇಷ್ಟ್ರು, ನನ್ನ ಮೂಗನ್ನೇ ನೋಡುತ್ತ.

ಅದಕ್ಕೇ ಕಾಯುತ್ತಿದ್ದೇನೆ. ನಿನ್ನೆ ಬೆಳೆದ ಯಾವುದೋ ಒಂದು ಪೆದ್ದು ಕೋಶ ಕಣ್ಣು ಮುಚ್ಚಿಕೊಂಡು ಅಜ್ಜನ ಕಡೆ ಹೊರಟಿರಬಹುದಲ್ಲ?

ಇವತ್ತೂ ನಾನು ಒಂದು ತುದಿ ಮೂಸುತ್ತಿದ್ದೆ, ಪವಿ ಇನ್ನೊಂದು ತುದಿ. ಬಾಗಿಲು ತಳ್ಳಿಕೊಂಡು ಅವ್ವ ಬಂದಳು, ಕೈಯಲ್ಲಿ ಸೋಪಿನ ನೀರು ತುಂಬಿದ ಬಕೆಟ್ಟು.

"ತರ್ರೋ ಇಲ್ಲಿ, ಬಿಸ್ಲು ಚೆನ್ನಾಗೈತೆ, ಒಗೆದು ಹಾಕ್ತೀನಿ."

"ಬ್ಯಾಡವ್ವ, ಅಜ್ಜನ ವಾಸ್ನೆ ಹೋಗ್ತೈತೆ!" ಪವಿ ಚೀರಿದಳು.

"ಯಾವ ಅಜ್ಜನ ವಾಸ್ನೆನೇ? ನಮ್ಮಪ್ಪನ ಕಂಬಳಿ ಅವನ ಮ್ಯಾಲೇ ಹೊದಿಸಿ ಮಣ್ಣು ಮಾಡಿದ್ವಿ. ಇದು ನೆಂಟ್ರಿಗೆ ಅಂತ ತಂದಿಟ್ಟಿದ್ದು. ಅವ್ನು ಒಂದಿನಾನೂ ಹೊದ್ದಿಲ್ಲ."

ಗೆದ್ದೆನೆಂದು ಪವಿಯ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು. ಬುರುಡೆ ಬಿಡುವವರ ಕಣ್ಣು ಹಾಗೆ ತುಂಬುವುದಿಲ್ಲ. ಅದೇ ಕಸುಬಿನವನು ನಾನು, ನನಗೆ ಗೊತ್ತು.

"ನಂಗೂ ಬರ್ತಿತ್ತವ್ವ" ಅಂದೆ.

ಅವ್ವ ಕಂಬಳಿಯನ್ನು ಎತ್ತಿಕೊಂಡು ಒಂದು ಗಳಿಗೆ ಅದರೊಳಗೆ ಮುಖ ಇಟ್ಟಳು. ಆಮೇಲೆ ಬಕೆಟ್ಟಿಗೆ ಅದ್ದಿದಳು. ಸೋಪಿನ ವಾಸನೆ ಮಾತ್ರ ಮೂವರಿಗೂ ಒಂದೇ ಥರ ಬಂತು.