ಟೆಂಟಿನಲ್ಲಿ ಎದ್ದು ನಿಂತ ಕಂಬಳಿ ವ್ಯಾಪಾರಿ

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು ಕಂಬಳಿ ವ್ಯಾಪಾರಿ. ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿಯೇ ಬೆಲೆ ಹೇಳುತ್ತಿದ್ದರು. ಎದುರಿಗೇ ಅಂಗಡಿ ಹಾಕಿದ್ದ ಒಡಹುಟ್ಟಿದ ತಮ್ಮನ ಮಾತು ಬಂದರೆ ಮಾತ್ರ, "ಅದ್ಯಾರ್ದೋ ಅಂಗ್ಡಿ, ಬುಡಪ್ಪ" ಎನ್ನುತ್ತಿದ್ದರು. ಅಪ್ಪನ ವ್ಯಾಪಾರ ಯಾರಿಗೆ ಸೇರಬೇಕೆಂಬ ಜಗಳಕ್ಕೆ ಆಗಲೇ ಹತ್ತು ವರ್ಷವಾಗಿತ್ತು.

ಯುದ್ಧದ ಕಾಲದಲ್ಲಿ ಊರಿಗೆ ಟೆಂಟು ಸಿನಿಮಾ ಬಂತು. ಒಂದು ಸಂಜೆ ನಾನೂ ಅವರೂ ಜೊತೆಯಾಗಿ ಹೋದೆವು. ಮಿಠಾಯಿ ಅಂಗಡಿಗಾಗಿ ಅಣ್ಣತಮ್ಮಂದಿರು ಕಿತ್ತಾಡುವ ನಗೆಚಿತ್ರ ಅದು. ಅಣ್ಣ ತಮ್ಮನ ಮೇಲೆ ಲಾಡು ಎಸೆಯುವುದನ್ನು ಕಂಡು ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಗುತ್ತಿತ್ತು. ಇವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು, ಎರಡು ಸಾಲು ಮುಂದೆ ತಮ್ಮನೂ ಕೂತು ನಗುತ್ತಿರುವುದನ್ನು ಕಂಡು ಥಟ್ಟನೆ ಎದ್ದು ನಿಂತರು.

"ಲೇ, ಅವ್ವ ಸಾಯೋವಾಗ ನಿನ್ನ ಕರಿ ಅಂದ್ಲು ಕಣ್ಲಾ. ನಾನೇ ಕರೀಲಿಲ್ಲ. ಅಂಗ್ಡಿ ನಿಂಗೆ ಕೊಟ್ಬುಡು ಅಂದಾಳು ಅಂತ ಹೆದ್ರಿದ್ದೆ."

ಸುತ್ತಲಿನ ನಗು ನಿಂತುಹೋಯಿತು. ತಮ್ಮ ನಿಧಾನವಾಗಿ ಹಿಂದಕ್ಕೆ ತಿರುಗಿದ.

"ಗೊತ್ತು ಕಣಣ್ಣ. ಅವತ್ತು ನಾನು ಹಿತ್ಲು ಬಾಗ್ಲಲ್ಲೇ ನಿಂತಿದ್ದೆ. ಅವ್ವ ಕೂಗ್ತಿದ್ದದ್ದು ಕೇಳುಸ್ತಿತ್ತು. ನೀನು ಕರೀಲಿ ಅಂತ ನಾನೂ ಒಳಗೆ ಬರ್ಲಿಲ್ಲ."