ಮಿಕ್ಸಿ ಜಾರಿನ ಸಮೇತ ವೇದಿಕೆಗೆ

ಭದ್ರಾ ಹೊಳೆಯ ಮೊಸಳೆಗೆ ಮೂಗುದಾರ ಹಾಕಿದವನು ನಾನು. ನನ್ನ ಇಂಥ ಸಾಹಸಗಳನ್ನೆಲ್ಲ ಮೊಮ್ಮಗಳು ಬರೆದುಕೊಂಡು ಪುಸ್ತಕ ಮಾಡಿಸಿದಳು. ಶಿವಮೊಗ್ಗದಲ್ಲಿ ಬಿಡುಗಡೆ. ಭದ್ರಾವತಿಯಿಂದ ಹೊರಡುವಾಗ ಹೆಂಡತಿ ಕೆಟ್ಟುಹೋದ ಮಿಕ್ಸಿ ಜಾರನ್ನು ಕೈಗಿಟ್ಟಳು. "ಅಲ್ಲೇ ದುರ್ಗಿಗುಡಿ ಪೇಟೆಯಲ್ಲಿ ರಿಪೇರಿ ಮಾಡಿಸ್ಕೊಂಡು ಬನ್ನಿ. ಮೊಸಳೆ ಹಿಡಿದೋರಿಗೆ ಇದೇನು ಭಾರನಾ?"

ಅಂಗಡಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಸಭೆ ಶುರುವಾಗಿತ್ತು, ಮೊಮ್ಮಗಳಿಂದ ಫೋನಿನ ಮೇಲೆ ಫೋನು.

"ಬೇಗ ಮಾಡಯ್ಯಾ, ನನ್ನ ಪುಸ್ತಕ ಬಿಡುಗಡೆ ಇದೆ!"

ರಿಪೇರಿಯವನು ತಲೆ ಎತ್ತಲಿಲ್ಲ. "ನೀವಿಲ್ದಿದ್ರೂ ಪುಸ್ತಕ ಬಿಡುಗಡೆ ಆಗುತ್ತೆ ಅಜ್ಜಾ. ಜಾರಿಲ್ದೆ ಮನೆಗೆ ಹೋಗ್ತೀರಾ?"

ಮತ್ತೆ ಬೆಂಚಿನ ಮೇಲೆ ಕೂತೆ.

ಕೊನೆಗೆ ಜಾರು ಹಿಡಿದೇ ವೇದಿಕೆ ಹತ್ತಿದೆ. ಶಾಲು ಹೊದಿಸಿ, ಹಾರ ಹಾಕಿ ಫೋಟೊ ತೆಗೆದರು. ಮನೆಯಲ್ಲಿ ಆ ಫೋಟೊ ತೋರಿಸಿದರೆ ಹೆಂಡತಿ, "ಅಯ್ಯೋ ಮಾರಾಯ್ರೆ, ಜಾರಿನ ಮುಚ್ಚಳ ಎಲ್ಲಿ?" ಎಂದಳು.

ಮೊಸಳೆ ನುಂಗಿತು ಅಂದೆ. ಪುಸ್ತಕ ಓದಿದವರೆಲ್ಲ ನಂಬುತ್ತಾರೆ, ಇವಳೊಬ್ಬಳು ನಂಬಲಿಲ್ಲ.